ಆರನೇ ನಂಬರಿನ ಡಯಾಲಿಸಿಸ್ ಯಂತ್ರಕ್ಕೆ ದೊಡ್ಡಮ್ಮನ ದೂರು

ಡಯಾಲಿಸಿಸ್ ವಿಭಾಗದ ಕಿಟಕಿ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿರುವ, ನಾಲ್ಕು ಚಕ್ರಗಳಿದ್ದರೂ ಎಲ್ಲಿಗೂ ಹೋಗದೆ ಎಲ್ಲರನ್ನೂ ತಮ್ಮ ಬಳಿಗೇ ಬರಮಾಡಿಕೊಳ್ಳುವ ಆರನೇ ನಂಬರಿನ ಯಂತ್ರದ ಘನ ಸನ್ನಿಧಾನಕ್ಕೆ, ಶಾಲಾ ಯೂನಿಫಾರಂ ಹೊಲಿಯುವ ಅಂಗಡಿಯ ದೊಡ್ಡಮ್ಮ ದೂರದಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಸೋಮವಾರದಿಂದ ನನ್ನ ಕ್ಷೇಮವೂ ತಮ್ಮ ಕ್ಷೇಮಕ್ಕೇ ಜೋತುಬೀಳಲಿರುವುದರಿಂದ ಇದು ಬಾಯುಪಚಾರದ ಮಾತಲ್ಲ. ಪತ್ರವನ್ನು ಲಕೋಟೆಗೆ ಹಾಕದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವುಂಟು. ನಮ್ಮ ಮನೆಯಲ್ಲಿ ಅಂಟಿಸಿದ ಪತ್ರಗಳನ್ನೇ ಎಲ್ಲರೂ ಮೊದಲು ಓದುತ್ತಾರೆ. ತೆರೆದಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ.

ನಾನು ಹೈಸ್ಕೂಲಿನ ತನಕ ಮಾತ್ರ ಓದಿದವಳಾದರೂ ಯಂತ್ರಗಳ ವಿಷಯದಲ್ಲಿ ಅನಕ್ಷರಸ್ಥೆಯಲ್ಲ ಎಂಬುದನ್ನು ತಾವು ಮೊದಲೇ ತಿಳಿದಿರಬೇಕು. ಮೂವತ್ತನಾಲ್ಕು ವರ್ಷಗಳಿಂದ ಹನ್ನೊಂದು ಹೊಲಿಗೆ ಯಂತ್ರಗಳು ನನ್ನ ಮಾತು ಕೇಳುತ್ತಿವೆ. ಯಾವುದು ಎಣ್ಣೆ ಕೇಳುತ್ತಿದೆ, ಯಾವುದು ಸುಮ್ಮನೆ ಸೋಮಾರಿತನ ಮಾಡುತ್ತಿದೆ ಎಂಬುದನ್ನು ಪಕ್ಕದ ಕೋಣೆಯಲ್ಲಿ ಕೂತೇ ಹೇಳಬಲ್ಲೆ. ಅವು ಯಾವುವೂ ಇಂದಿನವರೆಗೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಆಡಿಸಬೇಡ ಎಂದು ಅಪ್ಪಣೆ ಕೊಟ್ಟಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ನನ್ನನ್ನು ಸುಮ್ಮನೆ ಕೂರಿಸುವ ಸಾಮರ್ಥ್ಯ ನನ್ನ ತಾಯಿಗಿರಲಿಲ್ಲ, ಗಂಡನಿಗಿರಲಿಲ್ಲ, ಮಕ್ಕಳಿಗಂತೂ ಅಂಥ ಆಲೋಚನೆಯೇ ಬಂದಿರಲಿಲ್ಲ. ಆ ಸಾಮರ್ಥ್ಯ ತಮಗಿದೆಯೆಂದು ಡಾಕ್ಟರು ಹೇಳುತ್ತಾರೆ. ಅಭಿನಂದನೆಗಳು.

ಇದೆಲ್ಲ ಶುರುವಾದದ್ದು ನನ್ನ ಎರಡು ಮೂತ್ರಪಿಂಡಗಳು ನನಗೊಂದು ಮಾತೂ ತಿಳಿಸದೆ ಕೆಲಸ ಬಿಟ್ಟದ್ದರಿಂದ. ನನ್ನ ಅಂಗಡಿಯಲ್ಲಿ ಗುಂಡಿ ಹಚ್ಚುವವರು ಕೂಡ ಹೋಗುವ ಮುಂಚೆ ಹದಿನೈದು ದಿನ ಮೊದಲೇ ಹೇಳುತ್ತಾರೆ. ಇವೆರಡೂ ಒಳಗೊಳಗೇ ಮಾತಾಡಿಕೊಂಡು ವರ್ಷಗಟ್ಟಲೆ ಅರ್ಧ ಕೆಲಸ ಮಾಡಿ, ಆಮೇಲೆ ಕಾಲು ಕೆಲಸ ಮಾಡಿ, ಕೊನೆಗೆ ರಕ್ತದ ವರದಿಯ ಮೂಲಕ ರಾಜೀನಾಮೆ ಕಳಿಸಿದವು. ತಮ್ಮ ಕೊಳವೆಗಳ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರು ನನ್ನ ಎಡತೋಳಿನಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ, ಅದು ಹದಕ್ಕೆ ಬರಲೆಂದು ಕಾದರು. ಜೋಡಣೆ ಚೆನ್ನಾಗಿಯೇ ಇದೆ. ಹೊಲಿಗೆಯನ್ನು ನಾನೇ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದ್ದೇನೆ. ಈಗ ಆ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ಮೋಟಾರು ಓಡಿದಂತೆ ಗುಂಯ್ ಎನ್ನುತ್ತದೆ. ನನ್ನ ಒಪ್ಪಿಗೆ ಕೇಳದೆಯೇ ನನ್ನ ತೋಳು ತಮ್ಮ ಬಂಧುಬಳಗಕ್ಕೆ ಸೇರಿಕೊಂಡಿದೆ.

ತೋಳು ಹದಕ್ಕೆ ಬಂದ ಮೇಲೆ, ಹೊಸ ರೋಗಿಗಳಿಗೆ ವಿಭಾಗವನ್ನು ತೋರಿಸುವ ಪದ್ಧತಿಯಂತೆ ನನ್ನನ್ನೂ ಕರೆಸಿದರು. ಜೊತೆಯಲ್ಲಿ ಸೊಸೆ ಬಂದಿದ್ದಳು. ಅವಳು ಗಣಿತದ ಮೇಷ್ಟ್ರಮ್ಮ. ನಾನು ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ಡಾಕ್ಟರು ಹೇಳಿದ ದಿನವೇ ಮನೆಯಲ್ಲಿದ್ದ ನನ್ನ ದೊಡ್ಡ ಲೋಟವನ್ನು ಮಾಯ ಮಾಡಿ, ಗೊಂಬೆಗಳ ಮದುವೆಗೆ ಸಾಕಾಗುವಂಥ ಲೋಟವೊಂದನ್ನು ತಂದಿಟ್ಟವಳು. ತಾವು ಅಂದು ನಿವೃತ್ತ ಬಸ್ ಕಂಡಕ್ಟರೊಬ್ಬರ ಸೇವೆಯಲ್ಲಿದ್ದಿರಿ. ಅವರ ತೋಳಿನಿಂದ ಕೆಂಪು ಕೊಳವೆ ಹೊರಟು ತಮ್ಮ ಮೈಮೇಲಿನ ಚಕ್ರವೊಂದನ್ನು ಸುತ್ತಿಕೊಂಡು, ಒಳಗೆ ಏನೇನೋ ಆಗಿ, ಮತ್ತೆ ಅವರ ತೋಳಿಗೇ ಮರಳುತ್ತಿತ್ತು. ಕಂಡಕ್ಟರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಇಡೀ ಮೈಯ ರಕ್ತ ಹೊರಗಿರುವಾಗ ಮನುಷ್ಯ ಗೊರಕೆ ಹೊಡೆಯುವುದುಂಟೇ ಎಂದು ನನಗೆ ದಿಗಿಲಾಯಿತು. ಬಟ್ಟೆ ಒಗೆಯುವ ಯಂತ್ರದ ಹಾಗೆ ರಕ್ತವನ್ನೆಲ್ಲ ಒಮ್ಮೆಗೇ ತುಂಬಿಸಿಕೊಂಡು, ತೊಳೆದು, ಹಿಂಡಿ, ಸಾಯಂಕಾಲಕ್ಕೆ ವಾಪಸು ಕೊಡುತ್ತೀರೆಂದು ನಾನು ತಿಳಿದಿದ್ದೆ. ನಡುವೆ ಕರೆಂಟು ಹೋದರೆ ಗತಿಯೇನು ಎಂಬ ಪ್ರಶ್ನೆ ಎರಡು ತಿಂಗಳಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಆದರೆ ಕೇಳಿದರೆ ಹೆದರಿದ್ದಾಳೆಂದುಕೊಳ್ಳುತ್ತಾರಲ್ಲ ಎಂದು ಕೇಳಿರಲಿಲ್ಲ.

ಅಷ್ಟರಲ್ಲಿ ತಾವು ಕಿರುಚಿಕೊಂಡಿರಿ.

ಮಾನ್ಯರೇ, ಯಂತ್ರದ ಸದ್ದು ಬದಲಾದರೆ ಮೊದಲು ಸ್ವಿಚ್ ಆರಿಸು, ಆಮೇಲೆ ಕಾರಣ ಹುಡುಕು ಎಂದು ನಾನು ಎಷ್ಟೋ ಹೆಣ್ಣುಮಕ್ಕಳಿಗೆ ಕಲಿಸಿದ್ದೇನೆ. ಈ ಒಂದು ಪಾಠದಿಂದ ನಮ್ಮ ಅಂಗಡಿಯಲ್ಲಿ ಇಂದಿಗೂ ಯಾರ ಬೆರಳಿಗೂ ಸೂಜಿ ಹೊಕ್ಕಿಲ್ಲ. ಹಾಗಾಗಿ ನನ್ನ ಕೈ ನನ್ನನ್ನು ಕೇಳದೆ ಗೋಡೆಯ ಕಡೆಗೆ ಹೋಗಿ ತಮ್ಮ ಸ್ವಿಚ್ಚನ್ನು ಆರಿಸಿಬಿಟ್ಟಿತು. ತಾವು ಸುಮ್ಮನಾಗುವ ಬದಲು ಮೊದಲಿನದಕ್ಕಿಂತ ಇಮ್ಮಡಿ ಗಂಟಲಿನಲ್ಲಿ, ಇಡೀ ವಿಭಾಗ ತಿರುಗಿ ನೋಡುವಂತೆ ನನ್ನ ಮೇಲೆ ದೂರು ಹೇಳಿದಿರಿ. ನನ್ನ ಇಡೀ ಜೀವಮಾನದಲ್ಲಿ ಯಾವ ಯಂತ್ರವೂ ನನ್ನೊಡನೆ ಹೀಗೆ ಎದುರು ಮಾತಾಡಿದ್ದಿಲ್ಲ.

ಟೆಕ್ನಿಷಿಯನ್ ಹುಡುಗಿ ಓಡಿಬಂದು ಸ್ವಿಚ್ ಹಾಕಿ, ಕಂಡಕ್ಟರ ಮಡಚಿದ ತೋಳನ್ನು ನೇರ ಮಾಡಿ, ಒಂದು ಗುಂಡಿ ಒತ್ತಿದಳು. ಅಷ್ಟೇ ಆಗಿದ್ದದ್ದು: ನಿದ್ದೆಯಲ್ಲಿ ಅವರು ಕೈ ಮಡಚಿಕೊಂಡಿದ್ದರು. "ಏನೂ ಆಗಿಲ್ಲ ಅಮ್ಮಾ, ಕರೆಂಟ್ ಹೋದ್ರೆ ಬ್ಯಾಟರಿ ಇದೆ, ಬ್ಯಾಟರಿನೂ ಹೋದ್ರೆ ಈ ಚಕ್ರಾನ ಕೈಯಲ್ಲೇ ತಿರುಗಿಸ್ತೀವಿ. ಹೊರಗಿರೋದು ಒಂದು ಲೋಟದಷ್ಟು ರಕ್ತ, ಮಿಕ್ಕಿದ್ದೆಲ್ಲ ಅವ್ರ ಮೈಯಲ್ಲೇ ಇರುತ್ತೆ," ಎಂದಳು. ಕಂಡಕ್ಟರು ಕಣ್ಣು ತೆರೆದು ನನ್ನನ್ನೂ ಗೋಡೆಯನ್ನೂ ನೋಡಿ, "ಏನಮ್ಮಾ, ನನ್ನ ಸ್ಟಾಪ್ ಇನ್ನೂ ಬಂದಿಲ್ಲ, ಆಗ್ಲೇ ಇಳಿಸ್ತಿದ್ದೀರಲ್ಲ!" ಎಂದು ಮತ್ತೆ ಮಲಗಿಕೊಂಡರು. ಎರಡು ತಿಂಗಳು ಕೇಳದೆ ನುಂಗಿಕೊಂಡಿದ್ದ ಪ್ರಶ್ನೆಗೆ ನನ್ನ ಕೈಯಿಂದಲೇ, ಇನ್ನೊಬ್ಬರ ಮೇಲೆ ಪ್ರಯೋಗ ಮಾಡಿಸಿ ಉತ್ತರ ಕೊಡಿಸಿದ ತಮ್ಮ ಬೋಧನಾ ಕ್ರಮವನ್ನು ಎಷ್ಟು ಹೊಗಳಿದರೂ ಸಾಲದು.

ಮನೆಗೆ ಬರುವಾಗ ಸೊಸೆ ಮೆಲ್ಲಗೆ, "ಅತ್ತೆ, ಭಯ ಆಗಿದ್ರೆ ಹೇಳಿ, ಅದ್ರಲ್ಲಿ ತಪ್ಪೇನಿದೆ?" ಎಂದಳು. "ಭಯಾನಾ? ನನಗಾ? ಆ ಮೆಷಿನ್ ಸರ್ವಿಸ್ ಮಾಡಿಸಿ ಎಷ್ಟು ವರ್ಷ ಆಯ್ತೋ ಕೇಳು ಹೋಗು," ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಆಮೇಲೆ ಡಾಕ್ಟರು ಕೊಟ್ಟ ಮೂರು ತಾರೀಕುಗಳನ್ನೂ ಮುಂದೂಡಿದೆ. ಒಂದಕ್ಕೆ ಶಾಲೆ ಶುರುವಾಗುವ ಕಾಲ, ಆರ್ಡರಿದೆ ಎಂದೆ. ಇನ್ನೊಂದಕ್ಕೆ ನೆಗಡಿ ಎಂದೆ. ಮೂರನೆಯದಕ್ಕೆ ಕಾರಣವೇ ಸಿಗದೆ ಮಗನ ಮೇಲೆ ರೇಗಿದೆ. ಅವನು ಅದನ್ನೇ ಕಾರಣವೆಂದು ಆಸ್ಪತ್ರೆಗೆ ತಿಳಿಸಿದ. ನನ್ನ ಮೈದುನನಂತೂ ದಿನಕ್ಕೊಂದು ಕಷಾಯ ಸೂಚಿಸುತ್ತ ತಮ್ಮ ಅಗತ್ಯವೇ ಇಲ್ಲವೆಂದು ವಾದಿಸಿದ. ಅವನ ಮಾತನ್ನು ನಾನು ಆಯುಷ್ಯದಲ್ಲಿ ಮೊದಲ ಬಾರಿಗೆ ಪೂರ್ತಿ ಕೇಳಿಸಿಕೊಂಡೆ ಎಂದರೆ ನನ್ನ ಸ್ಥಿತಿ ಹೇಗಿತ್ತೆಂದು ತಾವೇ ಊಹಿಸಬಹುದು.

ಈ ನಡುವೆ ಪಾದಗಳು ಊದಿಕೊಂಡು ಚಪ್ಪಲಿಯ ಬಾರು ಮಾಂಸದಲ್ಲಿ ಹುದುಗತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ತಿಂದದ್ದೆಲ್ಲ ಗುಂಡುಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡ ರುಚಿ. ಇದನ್ನೆಲ್ಲ ಯಾರಿಗೂ ಹೇಳದೆ ನಿಭಾಯಿಸಿದೆ. ಹೀಗೇ ಇನ್ನೂ ಎಷ್ಟು ದಿನ ನಿಭಾಯಿಸುತ್ತಿದ್ದೆನೋ, ಹೋದ ಗುರುವಾರ ನಾನು ಕತ್ತರಿಸುವ ಮೇಜಿನ ಮುಂದೆ ನಿಲ್ಲದಿದ್ದರೆ.

ಅಂಗಿಯ ತೋಳುಗಳನ್ನು ಕತ್ತರಿಸುವಾಗ ಬಟ್ಟೆಯ ಪದರಗಳನ್ನು ಮುಖಕ್ಕೆ ಮುಖ ಕೊಟ್ಟು ಹಾಸಬೇಕು. ಆಗ ಎಡಕ್ಕೊಂದು ಬಲಕ್ಕೊಂದು ಬರುತ್ತದೆ. ಹೊಸಬರಿಗೆ ಮೊದಲ ವಾರ ಕಲಿಸುವ ಪಾಠವಿದು. ನಾನು ಎಲ್ಲ ಪದರಗಳನ್ನೂ ಒಂದೇ ಕಡೆ ಮುಖ ಮಾಡಿ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿಸಿ, ಕಟ್ಟು ಕಟ್ಟಿ ಕೊಟ್ಟೆ. ಅರವತ್ತು ತೋಳು, ಅರವತ್ತೂ ಎಡಗೈಗೆ. ನಮ್ಮ ಅಂಗಡಿಯಲ್ಲಿ ಬಟ್ಟೆ ಕೆಡಿಸಿದವರಿಗೆ ಬೈಗುಳವಿಲ್ಲ. ಕೆಟ್ಟ ತುಂಡನ್ನು ಅವರ ಕೊರಳಿಗೇ ಸುತ್ತಬೇಕು, ಚಹಾದ ಹೊತ್ತಿನವರೆಗೆ ಎಲ್ಲರೂ ನಗಬೇಕು. ನಿಯಮ ನನ್ನದೇ. ಹಾಗಾಗಿ ನಾನೇ ಒಂದು ತೋಳನ್ನು ಎತ್ತಿ ಕೊರಳಿಗೆ ಹಾಕಿಕೊಂಡು ನಿಂತೆ. ಯಾರೂ ನಗಲಿಲ್ಲ. ಹನ್ನೊಂದು ಯಂತ್ರಗಳೂ ನಿಂತವು. ಇಪ್ಪತ್ತಾರು ವರ್ಷಗಳಿಂದ ಗುಂಡಿಯ ತೂತುಗಳಿಗೆ ಕಾಜಾ ಹಾಕುತ್ತಿರುವಾಕೆ, ಬೇರೆಯವರು ಕೆಡಿಸಿದರೆ ಎಲ್ಲರಿಗಿಂತ ಜೋರಾಗಿ ನಗುವಾಕೆ, ಹತ್ತಿರ ಬಂದು ನನ್ನ ಕೊರಳಿನಿಂದ ಅದನ್ನು ತೆಗೆದು, "ನಿಮ್ಮದೇನಿಲ್ಲ ದೊಡ್ಡಮ್ಮ, ಬಟ್ಟೆನೇ ಜಾರ್ತಿತ್ತು," ಎಂದಳು.

ಅದು ಹತ್ತಿಯ ಬಟ್ಟೆ. ಹತ್ತಿ ಜಾರುವುದಿಲ್ಲ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳು ನನ್ನೆದುರು ಹೇಳಿದ ಮೊದಲ ಸುಳ್ಳು ಅದು, ಮತ್ತು ಅದನ್ನು ಎಲ್ಲರೂ ತಲೆಯಾಡಿಸಿ ಒಪ್ಪಿದರು. ಮಾನ್ಯರೇ, ತಮ್ಮ ಕಿರುಚಾಟಕ್ಕೆ ನಾನು ಬೆಚ್ಚಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಬೆಚ್ಚಿದ್ದು ಆ ಒಪ್ಪಿಗೆಗೆ. ನನ್ನವರು ನನ್ನನ್ನು ನೋಡಿ ನಗುವುದನ್ನು ಬಿಟ್ಟು ಎಷ್ಟು ದಿನವಾಗಿತ್ತೋ, ನಾನು ಗಮನಿಸಿರಲಿಲ್ಲ. ಅಂದೇ ಸೊಸೆಗೆ ಫೋನ್ ಮಾಡಿ, ಸೋಮವಾರ ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದು ಆಸ್ಪತ್ರೆಗೆ ಹೇಳು ಎಂದೆ. ಅವಳು ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಗಣಿತದವರಿಗೆ ಉತ್ತರ ಸಿಕ್ಕರೆ ಸಾಕು.

ಆದುದರಿಂದ ಬರುತ್ತಿದ್ದೇನೆ. ಬರುವ ಮುಂಚೆ ಕೆಲವು ವಿನಮ್ರ ಕೋರಿಕೆಗಳು. ಸಾಧ್ಯವಾದರೆ ತಾವೇ ನಮ್ಮ ಅಂಗಡಿಗೆ ಬಂದು ಕಿಟಕಿಯ ಪಕ್ಕ ನಿಂತರೆ ನಾಲ್ಕು ಗಂಟೆಯೂ ಹಾಳಾಗುವುದಿಲ್ಲ, ಬಿಡುವಿನಲ್ಲಿ ತಮಗೂ ಕಾಜಾ ಹಾಕುವುದನ್ನು ಕಲಿಸಬಹುದು. ಅದಾಗದಿದ್ದರೆ, ನನ್ನ ಕೈ ಮಡಚಿಕೊಂಡಾಗ ಊರು ಕೇಳುವಂತೆ ಅರಚದೆ, "ಅಮ್ಮಾ, ಸ್ವಲ್ಪ ಕೈ ನೇರ," ಎಂದು ಮರ್ಯಾದೆಯಿಂದ ಹೇಳುವುದು. ನನ್ನ ಲೋಟವೊಂದರಷ್ಟು ರಕ್ತವನ್ನು ಪಕ್ಕದವರ ರಕ್ತದ ಜೊತೆ ಹರಟೆಗೆ ಬಿಡದೆ ನೇರವಾಗಿ ಮನೆಗೆ ಕಳಿಸುವುದು. ಉಪ್ಪು, ನೀರು, ವಿಷ, ಮೈದುನನ ಕಷಾಯ ಇವನ್ನೆಲ್ಲ ತೆಗೆದುಕೊಳ್ಳಿ, ಅಡ್ಡಿಯಿಲ್ಲ. ಆದರೆ ನನ್ನ ಸಿಟ್ಟನ್ನು ಮಾತ್ರ ಒಂದು ಹನಿಯೂ ಸೋಸಬಾರದು. ಈ ಬಗ್ಗೆ ನಮ್ಮ ಮನೆಯವರು ಗುಟ್ಟಾಗಿ ತಮಗೆ ಅರ್ಜಿ ಕೊಡುವ ಸಂಭವವಿದೆ. ಅದನ್ನು ಸ್ವೀಕರಿಸಬಾರದು. ಅಂಗಡಿ ನಡೆಯುತ್ತಿರುವುದೇ ಅದರ ಮೇಲೆ.

ತಮ್ಮ ಕೆಲಸಕ್ಕೆ ಅಡಚಣೆಯಾಗದಿರಲೆಂದು ಹೆಗಲಿನಿಂದ ಮೊಣಕೈವರೆಗೆ ತೆರೆಯುವಂತೆ ಐದು ಗುಂಡಿಗಳ ಎಡತೋಳಿರುವ ಅಂಗಿಯೊಂದನ್ನು ನಿನ್ನೆ ಹೊಲಿದಿದ್ದೇನೆ. ಎರಡು ಗುಂಡಿಗಳು ಸೊಟ್ಟಗೆ ಕೂತದ್ದರಿಂದ ಅವನ್ನು ಬಿಚ್ಚಿ ಮತ್ತೆ ಹಚ್ಚಬೇಕಾಯಿತು. ಇದನ್ನು ತಮಗೆ ಮಾತ್ರ ಹೇಳುತ್ತಿದ್ದೇನೆ. ತಾವು ಯಾರಿಗೂ ಹೇಳಲಾರಿರಿ ಎಂಬುದೊಂದೇ ತಮ್ಮಲ್ಲಿ ನಾನು ಈವರೆಗೆ ಕಂಡ ಸದ್ಗುಣ.

ವಿಶ್ವಾಸವಿನ್ನೂ ಪೂರ್ತಿ ಬಂದಿರದಿದ್ದರೂ, ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿ,
ದೊಡ್ಡಮ್ಮ

ತಾ.ಕ.: ಸೋಮವಾರ ಜೊತೆಗೆ ಯಾರೂ ಬರುವುದು ಬೇಡವೆಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದೇನೆ. ಸೊಸೆ ಆಗಲೇ ಶಾಲೆಗೆ ರಜೆ ಹಾಕಿದ್ದಾಳಂತೆ. ಹೇಳಿದ ಮಾತು ಕೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ. ತಾವು ನನ್ನ ಎಡಗೈ ಹಿಡಿದಿರುವಾಗ ನನ್ನ ಬಲಗೈ ಅವಳ ಕೈಯಲ್ಲಿರುವುದು ತಮ್ಮ ಕಣ್ಣಿಗೆ ಬಿದ್ದರೆ, ಅವಳಿಗೆ ಹೆದರಿಕೆಯಾಗದಿರಲೆಂದು ನಾನೇ ಹಿಡಿದುಕೊಂಡಿದ್ದೇನೆಂದು ತಿಳಿಯತಕ್ಕದ್ದು.