ಮೆಳ್ಳೆಗಣ್ಣಿನ ಆರೋಪಿ

ಮೂವತ್ತು ವರ್ಷ ಮೆರವಣಿಗೆಗಳ ಫೋಟೊ ಹೊಡೆದವನು ನಾನು. ಘೋಷಣೆ ಕೂಗಿದವರಿಗೆ ಮೈಕು ಸಿಕ್ಕಿತು, ಮೈಕು ಹಿಡಿದವರಿಗೆ ಕುರ್ಚಿ ಸಿಕ್ಕಿತು, ನನಗೆ ಸಿಕ್ಕಿದ್ದು ಮಂಡಿನೋವು ಮತ್ತು ಈ ಹಳೇ ಕ್ಯಾಮೆರಾ. ಮೊನ್ನೆ ನಮ್ಮ ಹೋರಾಟ ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ಅಣ್ಣಾ, ಕಚೇರಿ ಗೋಡೆಗೆ ಅತ್ತಿಗೆಯದೊಂದು ಫೋಟೊ ಬೇಕು. ಬ್ಯಾನರ್ ಹಿಡಿದು ಮುಂದೆ ನಡೆದವರು ಅವರೇ ತಾನೆ" ಅಂದ. ಪೆಟ್ಟಿಗೆ ಸುರಿದು ಹುಡುಕಿದೆ. ಹನ್ನೊಂದು ಫೋಟೊಗಳಲ್ಲಿ ನನ್ನ ಹೆಂಡತಿ ಇದ್ದಾಳೆ. ಹನ್ನೊಂದರಲ್ಲೂ ಮಂಜಿನೊಳಗಿನ ದೆವ್ವದ ಹಾಗಿದ್ದಾಳೆ.

"ಒಂದರಲ್ಲಾದರೂ ನನಗೆ ಮೂಗಿದೆಯೇನ್ರೀ?" ಅಂದಳು, ಹೊಲಿಗೆ ಯಂತ್ರ ನಿಲ್ಲಿಸದೆ. (ಅವಳು ದರ್ಜಿ. ಒಂದು ನೂಲು ಓರೆಯಾದರೆ ಇಡೀ ಅಂಗಿ ಬಿಚ್ಚಿ ಹೊಲಿಯುವ ಪೈಕಿ.)

"ತಪ್ಪು ನನ್ನದಲ್ಲ ಕಣೇ. ಕ್ಯಾಮೆರಾಗೆ ಮೆಳ್ಳೆಗಣ್ಣು. ನಾನು ನಿನ್ನ ಮೇಲೆ ಗುರಿ ಇಟ್ಟರೆ ಅದು ನಿನ್ನ ಹಿಂದೆ ನೋಡುತ್ತೆ."

"ಬಾಯಿಲ್ಲದ್ದು ಅಂತ ಅದರ ಮೇಲೆ ಹೊರಿಸ್ತೀರ. ವಿಚಾರಣೆ ಇಲ್ಲದೆ ಶಿಕ್ಷೆ ಕೂಡದು ಅಂತ ಬೀದೀಲಿ ಅರಚಿದ್ದು ಯಾರು?"

ಸರಿ, ಊಟದ ಮೇಜಿನ ಮೇಲೆ ವಿಚಾರಣಾ ಆಯೋಗ ಸ್ಥಾಪನೆಯಾಯಿತು. ಕ್ಯಾಮೆರಾ ಮೇಲಿನ ಆರೋಪ ಸಾಬೀತಾಗದಿದ್ದರೆ ಕಳ್ಳ ನಾನೇ.

ಈ ಜಾತಿಯ ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ: ಒಂದು ಅಸಲು, ಒಂದು ನೆರಳಿನಂಥದ್ದು. ಲೆನ್ಸಿನ ಬಳೆ ತಿರುಗಿಸಿದರೆ ಆ ನೆರಳು ಜರುಗಿ ಬಂದು ಅಸಲಿನ ಮೇಲೆ ಕೂರಬೇಕು. ಎರಡೂ ಒಂದಾದರೆ ದೂರ ಸರಿಯಾಗಿದೆ ಎಂದರ್ಥ. ಆದರೆ ಕಿಂಡಿಯಲ್ಲಿ ಕಂಡದ್ದನ್ನು ಕ್ಯಾಮೆರಾದ ಹೊಟ್ಟೆಯೊಳಗಿನ ಫಿಲ್ಮ್ ಒಪ್ಪುತ್ತದೋ ಇಲ್ಲವೋ, ಅದೇ ಪರೀಕ್ಷೆ. ಬೆನ್ನಿನ ಬಾಗಿಲು ತೆಗೆದು, ಫಿಲ್ಮ್ ಕೂರುವ ಜಾಗಕ್ಕೆ, ಬಿಂಬ ಮೂಡಲಿ ಅಂತ, ಬೆಣ್ಣೆ ಕಾಗದ ಬಿಗಿಯಾಗಿ ಅಂಟಿಸಿದೆ. ಲೆನ್ಸಿನ ಬಾಯನ್ನು ಪೂರ್ತಿ ತೆರೆದೆ. (ಬೀದಿಯಲ್ಲೂ ನಾನು ಹೊಡೆಯುತ್ತಿದ್ದದ್ದು ಹಾಗೇ. ಹಾಗೆ ತೆರೆದಾಗ ಎರಡು ಬೆರಳು ಆಚೀಚೆಯಾದರೂ ಎಲ್ಲ ಮಸುಕು.) ಮೂರಡಿ ದೂರದಲ್ಲಿ, ದಿಂಬಿಗೆ ಚುಚ್ಚಿದ ಸೂಜಿ, ಅದರಲ್ಲಿ ಕೆಂಪು ದಾರ, ಪಕ್ಕದಲ್ಲಿ ದೀಪ.

ಕಿಂಡಿಯಲ್ಲಿ ಎರಡು ಸೂಜಿ. ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ನೆರಳು ಸೂಜಿ ತೇಲುತ್ತಾ ಬಂತು, ತಡವರಿಸಿತು, ಅಸಲಿನೊಳಗೆ ಸದ್ದಿಲ್ಲದೆ ಇಳಿದುಹೋಯಿತು. ಶಟರ್ ತೆರೆದಿಟ್ಟು, ಬೆನ್ನ ಕಡೆ ಬಂದು, ಭೂತಗನ್ನಡಿ ಹಿಡಿದು ನೋಡಿದೆ. ಬೆಣ್ಣೆ ಕಾಗದದ ಮೇಲೆ ಹುಲ್ಲೆಸಳಿನಂಥ ಸೂಜಿ ತಲೆಕೆಳಗಾಗಿ ನಿಂತಿದೆ. ಅದರ ಕಣ್ಣು ಕಾಣುತ್ತಿದೆ, ಆ ಕಣ್ಣೊಳಗೆ ದಾರ, ಆ ದಾರದ ಹುರಿ ಕೂಡ. ಮೂವತ್ತು ವರ್ಷ ಕಂಕುಳಲ್ಲಿ ಇರುಕಿ, ಚರಂಡಿ ಹಾರಿ, ಮಳೆಯಲ್ಲಿ ನೆನೆಸಿ, ಒಂದು ದಿನವೂ ಒಂದು ಹನಿ ಎಣ್ಣೆ ಬಿಡದ ಯಂತ್ರ ಇದು. ಲಾಕಪ್ಪಿನಲ್ಲಿ ನನ್ನ ಜೊತೆ ಒಂದು ರಾತ್ರಿ ಕೊಳೆತದ್ದು. ಅದರೊಳಗೆ ಇಷ್ಟು ನಿಯತ್ತು ಇತ್ತೇ? ಸೋಜಿಗ ಅನ್ನೋ ಮಾತು ಸೂಜಿಯಿಂದಲೇ ಹುಟ್ಟಿರಬೇಕು.

"ಬಾರೇ, ನೋಡೇ ಇಲ್ಲಿ. ಕರಾರುವಾಕ್ಕು. ಒಂದು ನೂಲೂ ಆಚೀಚೆ ಇಲ್ಲ. ಇದಕ್ಕೆ ಕೈ ಮುಗೀಬೇಕು ಕಣೇ."

ಅವಳು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳೂ ಬೆರಗಾದದ್ದು ಕತ್ತು ಚಾಚಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ನಿಜ ರೀ. ಅಂದಮೇಲೆ ಆರೋಪಿ ಬಿಡುಗಡೆ."

ಆಗ ಹೊಳೆಯಿತು, ನಾನು ಯಾರ ಪರ ವಾದಿಸಬೇಕಿತ್ತು ಅಂತ.

ಅವಳು ಭೂತಗನ್ನಡಿ ಕಸಿದುಕೊಂಡು ಹನ್ನೊಂದೂ ಫೋಟೊ ಸಾಲಾಗಿ ಹರಡಿದಳು. "ಇದರಲ್ಲಿ ನಾನು ಮಸುಕು, ಹಿಂದೆ ಲಾಠಿಯ ಗಂಟು ಎಣಿಸಬಹುದು. ಇದರಲ್ಲಿ ಪೊಲೀಸಪ್ಪನ ಎದೆ ಮೇಲಿನ ನಂಬರು ಓದಬಹುದು. ಇದರಲ್ಲೂ ಲಾಠಿ. ಕ್ಯಾಮೆರಾ ನೀವು ತೋರಿಸಿದ್ದನ್ನೇ ಹಿಡಿದಿದೆ ಕಣ್ರೀ."

"ಜನರ ಕ್ಷೇಮದ ಕಡೆ ನಿಗಾ ಇಟ್ಟಿದ್ದೆ..."

"ಯಾವ ಜನ? ಲಾಠಿ ನನ್ನ ಬೆನ್ನಿಗಿತ್ತು, ನಡುಕ ನಿಮ್ಮ ಹೊಟ್ಟೇಲಿತ್ತು."

ಹೋರಾಟದಲ್ಲಿ ನನ್ನನ್ನು ಗಂಡೆದೆಯವನು ಅಂತ ವೇದಿಕೆ ಮೇಲೆ ಹೊಗಳಿದವರು ಹಲವರಿದ್ದಾರೆ. ಅವರಲ್ಲಿ ಯಾರ ಹತ್ತಿರವೂ ಭೂತಗನ್ನಡಿ ಇರಲಿಲ್ಲ.

ಹೋದ ಮಾನ ದಕ್ಕಿಸಿಕೊಳ್ಳಲು ಆವತ್ತೇ ಫಿಲ್ಮ್ ತುಂಬಿದೆ. ಅವಳು ಬಟ್ಟೆ ಕತ್ತರಿಸುತ್ತಾ ತಲೆಯೆತ್ತಿದಾಗ, ಎರಡು ಬಿಂಬ ಒಂದು ಮಾಡಿ, ಉಸಿರು ಕಟ್ಟಿ ಒತ್ತಿದೆ. ನಾಲ್ಕನೇ ದಿನ ಪ್ರಿಂಟು ಬಂತು. ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದ. ಲಕೋಟೆ ಒಡೆದೆ.

ಅವಳ ಕೈಯ ಕತ್ತರಿ ಬಾಯಿ ತೆರೆದು ನನ್ನ ಕಡೆಗೇ ತಿರುಗಿದೆ. ಅದರ ಅಂಚಿನ ಸಾಣೆಯ ಗೀರುಗಳೂ ಸ್ಪಷ್ಟ. ಅದರ ಹಿಂದೆ, ಮೂಗಿಲ್ಲದ ಒಂದು ಮಂಜು.

ಅವಳು ಫೋಟೊವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಪರವಾಗಿಲ್ಲ ರೀ," ಅಂದಳು, "ಪೊಲೀಸರ ಭಯ ಬಿಟ್ಟಿದೆ ನಿಮಗೆ."