ದೊರೆಯ ನಾಯಿಯ ಕೂದಲು

ಕೆಲವು ಮನೆಗಳಲ್ಲಿ ನಗು ಹೊತ್ತುಗೊತ್ತು ನೋಡಿ ಬರುವುದಿಲ್ಲ. ಅಳುವವರ ಪಕ್ಕದಲ್ಲಿಯೇ ಬಂದು ಕುಳಿತುಬಿಡುತ್ತದೆ. ಅಂಥ ಒಂದು ಮನೆ ತಿರುಮಕೂಡಲು ನರಸೀಪುರದಲ್ಲಿ ನನ್ನ ಬಿಡಾರದ ಎದುರಿಗಿತ್ತು. ಆಗ ಮೈಸೂರಿನಲ್ಲಿ ಕನ್ನಡದ ಎಂ.ಎ. ತರಗತಿ ಇನ್ನೂ ಹೊಸದು. ನಾನು ಅದನ್ನು ಮುಗಿಸಿ, ಜಗತ್ತಿನ ಸಮಸ್ತ ಜ್ಞಾನವನ್ನೂ ಕನ್ನಡಕ್ಕೆ ತರುವ ಸಂಕಲ್ಪದೊಡನೆ ಆ ಊರಿನ ಶಾಲೆಗೆ ಉಪಾಧ್ಯಾಯನಾಗಿ ಬಂದಿದ್ದೆ. ತರಲು ಮೊದಲು ಸಿಕ್ಕಿದ ಜ್ಞಾನ ನಾಯಿಯ ಕೂದಲಿನದು.

ಎದುರು ಮನೆಯವನು ಬಂಗಲೆಯ ಮೇಟಿ. ಪ್ರವಾಸ ಬರುವ ಅಧಿಕಾರಿಗಳು ತಂಗುವ ಸರ್ಕಾರಿ ಬಂಗಲೆಯನ್ನು ನೋಡಿಕೊಳ್ಳುವುದು ಅವನ ಕೆಲಸ. ನಾಲೆಯ ಕಾಮಗಾರಿಗೆಂದು ಅಲ್ಲಿದ್ದ ಇಂಜಿನಿಯರ್ ದೊರೆ ಸ್ವದೇಶಕ್ಕೆ ಹೊರಡುವಾಗ ತನ್ನ ಎಳೆಯ ಟೆರಿಯರ್ ನಾಯಿಯನ್ನು ಇವನ ಕೈಗೆ ಕೊಟ್ಟು, "ಮರಳಿ ಬಂದಾಗ ಕರೆದೊಯ್ಯುವೆ, ಹೀಗೆಯೇ ಇಟ್ಟಿರು" ಎಂದು ಒಂದು ಫೋಟೋವನ್ನೂ ಒಂದು ಇಂಗ್ಲಿಷ್ ಕಾಗದವನ್ನೂ ಕೊಟ್ಟಿದ್ದ. ಫೋಟೋದಲ್ಲಿ ನಾಯಿಯ ಬೆನ್ನ ಕೂದಲು ಗಿಡ್ಡ, ಗಡ್ಡ ಚೌಕ, ಹುಬ್ಬು ಪೊದೆ. ಎಡಗಿವಿಯ ಅಂಚಿನಲ್ಲಿ ಹೆಗ್ಗಣ ಕಚ್ಚಿದ ಸೀಳು ಕೂಡ ಸ್ಪಷ್ಟ. ದೊರೆ ಅದನ್ನು ಜಾಕ್ ಎನ್ನುತ್ತಿದ್ದನಂತೆ. ಮಕ್ಕಳಿಲ್ಲದ ಮೇಟಿಯ ಹೆಂಡತಿ 'ಮೊಗ' ಎನ್ನುತ್ತಿದ್ದಳು. ಗಂಡನಿಗೆ ಕೊಟ್ಟ ಮಾತು ಉಳಿಯಬೇಕಿತ್ತು. ಹೆಂಡತಿಗೆ ನಾಯಿ ಉಳಿಯಬೇಕಿತ್ತು.

ಕುರಿಯ ಕತ್ತರಿ

ಗೋಡೆಯ ಮೇಲಿನ ಫೋಟೋದಲ್ಲಿ ಕೂದಲು ಗಿಡ್ಡಗೇ ಇರುವಾಗ, ಕೆಳಗೆ ನಾಯಿ ದಿನೇ ದಿನೇ ಪೊದೆಯಾಗುತ್ತಿತ್ತು. ಮೇಟಿ ಗಾಬರಿಯಾಗಿ ದೇವನೂರಿನ ಕಡೆಯ ಒಬ್ಬ ಕುರಿಗಾರನನ್ನು ಕರೆತಂದ. ಆತ ಫೋಟೋ ನೋಡಲೇ ಇಲ್ಲ. ನಾಲ್ಕೂ ಕಾಲು ಸೇರಿಸಿ ಕಟ್ಟಿ, ಉಣ್ಣೆ ಕತ್ತರಿಸುವ ಕತ್ತರಿಯಿಂದ ಮೂತಿಯಿಂದ ಬಾಲದವರೆಗೆ ಒಂದೇ ಸಮನೆ ಕತ್ತರಿಸಿ ಮುಗಿಸಿದ. ಗಡ್ಡವೂ ಹೋಯಿತು, ಹುಬ್ಬೂ ಹೋಯಿತು. ನಾಯಿ ಎದ್ದು ತನ್ನನ್ನು ತಾನೇ ತಿರುಗಿ ನೋಡಿಕೊಂಡು ಮಂಚದ ಕೆಳಗೆ ಸೇರಿತು.

ಮೇಟಿ ತಲೆಯ ಮೇಲೆ ಕೈ ಹೊತ್ತು ಕುಳಿತ. "ಅಯ್ಯೋ, ಇದೇನಯ್ಯಾ ಮಾಡ್ಬುಟ್ಟೆ!"

ಕುರಿಗಾರ ಕೂದಲಿನ ರಾಶಿಯನ್ನು ಕಾಲಿನಿಂದ ಕೆದಕಿ ಅವನಿಗಿಂತ ಬೇಸರದಿಂದ ಹೇಳಿದ: "ನಿಂದಿರ್ಲಿ ಬುಡಣ್ಣ. ನನ್ ಪಾಡು ನೋಡು. ಇಷ್ಟು ದೂರ ನಡ್ದು ಬಂದಿವ್ನಿ, ಕಂಬಳಿ ಅಂಚಿಗೂ ಆಗಾಕಿಲ್ಲ ಇದು!"

ನನ್ನ ಅನುವಾದ

ಆಗ ಮೇಟಿ ದೊರೆಯ ಕಾಗದವನ್ನು ನನ್ನಲ್ಲಿಗೆ ತಂದ. ಮೊದಲನೆಯ ಸಾಲೇ ಕತ್ತರಿ ತಾಗಿಸಕೂಡದೆಂದಿತ್ತು. ಕತ್ತರಿಸಿದರೆ ಆ ಜಾತಿಯ ನಾಯಿಯ ತಂತಿಯಂಥ ಕೂದಲು ಮೆತ್ತಗಾಗಿ ಬಣ್ಣಗೆಡುವುದಂತೆ. ನಾನು ಎರಡು ದಿನ ಕುಳಿತು ಆ ಕಾಗದವನ್ನು ಕನ್ನಡಿಸಿದೆ. ಜಗಲಿಯಲ್ಲಿ ದಂಪತಿಗಳನ್ನು ಕುಳ್ಳಿರಿಸಿ ಓದಿದೆ.

"ಶ್ವಾನದ ಮೃತಕೇಶಗಳನ್ನು ಅಂಗುಷ್ಠ ತರ್ಜನಿಗಳಿಂದ ಗ್ರಹಿಸಿ, ಇನ್ನೊಂದು ಹಸ್ತದಿಂದ ಚರ್ಮವನ್ನು ಬಿಗಿಹಿಡಿದು, ಕೇಶವು ಬೆಳೆಯುವ ದಿಕ್ಕಿನಲ್ಲಿಯೇ ಅಲ್ಪಾಲ್ಪವಾಗಿ ಉತ್ಪಾಟನೆ ಮಾಡತಕ್ಕದ್ದು, ಜೀವಂತ ಕೇಶವನ್ನು ಬಾಧಿಸತಕ್ಕದ್ದಲ್ಲ."

ಮೇಟಿ ಎದ್ದು ಕೈಮುಗಿದ, ಮಂತ್ರವೆಂದು ಭಾವಿಸಿ. ಅವನ ಹೆಂಡತಿ ಮಾತ್ರ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು.

"ಅಂದ್ರೆ ಮೇಷ್ಟ್ರೇ, ಸತ್ತ ಕೂದ್ಲ ಕಿತ್ತು ಬದುಕಿರೋದ ಬುಡ್ಬೇಕಾ?"

"ಹೌದು ತಾಯಿ."

"ಕಳೆ ಕೀಳೋದು ಅನ್ನಿ ಮತ್ತೆ! ಅದಕ್ಯಾಕೆ ಅಷ್ಟುದ್ದ ಮಾತು?"

ಅರಿಶಿನ

ಹುಲ್ಲಹಳ್ಳಿಯ ಗದ್ದೆಗಳಲ್ಲಿ ಹುಡುಗಿಯಾಗಿದ್ದಾಗಿನಿಂದ ಕಳೆ ಕಿತ್ತ ಕೈ ಅವಳದು. ಪೈರನ್ನು ಬಿಟ್ಟು ಕಳೆಯನ್ನಷ್ಟೇ ಹಿಡಿಯುವ ಆ ಬೆರಳುಗಳಿಗೆ ಕೂದಲು ಜಾರದಂತೆ ಒಲೆಯ ಬೂದಿ ಮುಟ್ಟಿಸಿಕೊಂಡು, ಸಂಜೆ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಿಟಿಕೆ ಚಿಟಿಕೆಯಾಗಿ ಕೀಳುವಳು. ನಾಯಿ ಕಣ್ಣು ಮುಚ್ಚಿ ಗೊರಕೆ ಹೊಡೆಯುವುದು. ಉದುರಿದ ಬಿಳಿಗೂದಲನ್ನು ಗುಬ್ಬಿಗಳು ಸೂರಿಗೆ ಒಯ್ಯುತ್ತಿದ್ದುವು. ವರ್ಷ ತುಂಬುವಷ್ಟರಲ್ಲಿ ನಾಯಿ ಫೋಟೋದಿಂದ ಇಳಿದು ಬಂದಂತಾಯಿತು. ಮೇಟಿ ದಿನವೂ ಎರಡನ್ನೂ ತಾಳೆ ನೋಡಿ ಹಿಗ್ಗುತ್ತಿದ್ದ.

ಅಷ್ಟರಲ್ಲಿ ದೊರೆಯ ಪತ್ರ ಬಂತು: ಸುಗ್ಗಿಯ ಹೊತ್ತಿಗೆ ಬರುವೆನೆಂದು. ಓದಿ ಹೇಳಿದವನು ನಾನೇ. ಮೇಟಿ ಬಂಗಲೆಗೆ ಸುಣ್ಣ ಬಳಿಯಲು ಓಡಿದ. ಹೆಂಡತಿ ನಾಯಿಯನ್ನೆತ್ತಿಕೊಂಡು ಒಳಗೆ ಹೋದಳು.

ಮರುದಿನ ನೋಡುತ್ತೇನೆ, ನಾಯಿ ಅಡಿಯಿಂದ ಮುಡಿಯವರೆಗೆ ಹಳದಿ! ಹರಳೆಣ್ಣೆ ಅರಿಶಿನ ಹಚ್ಚಿ, ಬೂದಿಗುಂಡಿಯಲ್ಲಿ ಹೊರಳಾಡಲು ಬಿಟ್ಟಿದ್ದಾಳೆ. ಚೌಕದ ಗಡ್ಡದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಏನಮ್ಮೀ ಇದು?" ಎಂದು ಮೇಟಿ ಕೂಗಿದ.

"ಉಷ್ಣ ಆಗಿತ್ತು."

"ದೊರೆ ಬಂದು ಇದ್ಯಾಕೆ ಇಂಗಾಗ್ಯದೆ ಅಂದ್ರೆ ಏನ್ಲೇ ಏಳ್ಲಿ ನಾನು?"

"ಮದುವೆ ಗೊತ್ತಾಗ್ಯದೆ, ಅರಿಶ್ಣ ಅಚ್ಚಿವ್ನಿ ಅನ್ನು!"

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಗಂಡ ಆಚೆ ಹೋದಾಗ ನಾಯಿಯ ಮೂತಿ ಒರೆಸುತ್ತಾ ಮೆಲ್ಲಗೆ ಹೇಳಿದಳು: "ಪಟದಂಗೇ ಇದ್ರೆ ಕರ್ಕೊಂಡೋಗ್ಬುಡ್ತಾರೆ ಮೇಷ್ಟ್ರೇ. ಗುರ್ತು ಸಿಗ್ದಂಗೆ ಮಾಡ್ಬೇಕು."

ಆ ಸುಗ್ಗಿಗೆ ದೊರೆ ಬರಲಿಲ್ಲ. ಮರುವರ್ಷವೂ ಪತ್ರ ಬಂತು, ಅರಿಶಿನ ಬಿತ್ತು, ದೊರೆ ಬರಲಿಲ್ಲ.

ಎಡೆ

ಮೂರನೆಯ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಅವಳು ಐದೇ ದಿನದಲ್ಲಿ ತೀರಿಕೊಂಡಳು. ಹನ್ನೊಂದನೆಯ ದಿನ ಹಿತ್ತಿಲಿನಲ್ಲಿ ಬಾಳೆಯೆಲೆಯ ಮೇಲೆ ಅವಳಿಗೆ ಪ್ರಿಯವಾದುದನ್ನೆಲ್ಲ ಬಡಿಸಿ ಎಡೆಯಿಟ್ಟು, ನಂಟರೆಲ್ಲ ಕಾಗೆಗೆ ಕಾದರು. ಕಾಗೆ ಬರಲಿಲ್ಲ. "ಏನೋ ಆಸೆ ಉಳಿಸ್ಕೊಂಡವ್ಳೆ" ಎಂದು ಹಿರಿಯಳೊಬ್ಬಳು ಅಂದಳು. ಆಗ ನಾಯಿ ಜನರ ಕಾಲುಗಳ ನಡುವೆ ನುಸುಳಿ ಬಂದು ಎಲೆಯನ್ನು ಪೂರ್ತಿ ಖಾಲಿ ಮಾಡಿ, ಗಡ್ಡದಲ್ಲಿ ಪಾಯಸ ಅಂಟಿಸಿಕೊಂಡು ಎಲ್ಲರ ಮುಖ ನೋಡಿತು. ಯಾರೋ ಕೋಲೆತ್ತಿದರು.

ಮೇಟಿ ಅಡ್ಡ ಬಂದ. "ಒಡೀಬ್ಯಾಡಿ. ಬದುಕಿದ್ದಾಗ್ಲೂ ಅವಳ ಪಾಲು ತಿಂದದ್ದು ಅದೇಯ. ಕಾಗೆಗೆ ಅದು ಗೊತ್ತು, ನಿಮಗೇ ಗೊತ್ತಿಲ್ಲ."

ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು, ಆಮೇಲೆ ಹೆಚ್ಚು ಅತ್ತರು.

ಅಂದಿನಿಂದ ಕೂದಲು ಕೀಳಲು ನಾಯಿ ಯಾರ ಕೈಗೂ ಮೈ ಕೊಡಲಿಲ್ಲ. ಮೇಟಿ ಬೂದಿ ಮುಟ್ಟಿ ಕುಳಿತರೆ ಅದು ಅವನ ಬೆರಳು ಮೂಸಿ ಎದ್ದು ಹೋಗುವುದು. ಸತ್ತ ಕೂದಲೂ ಜೀವದ ಕೂದಲೂ ಹೆಣೆದುಕೊಂಡು ಕಣ್ಣು ಕಿವಿ ಎಲ್ಲ ಮುಚ್ಚಿಹೋದುವು. ಮೇಟಿ ಒಮ್ಮೆ ಸೂರಿನತ್ತ ಕೈ ತೋರಿದ. ಹಳೆಯ ಗುಬ್ಬಿಗೂಡಿನಿಂದ ಬಿಳಿಯ ಎಳೆಗಳು ಜೋತುಬಿದ್ದಿದ್ದುವು. "ಅವಳು ಕಿತ್ತದ್ದು ಸಾ" ಎಂದ. ಆ ಗೂಡನ್ನು ಅವನು ತೆಗೆಯಗೊಡಲಿಲ್ಲ.

ನಂಜನಗೂಡು

ದೊರೆಯ ಮೂರನೆಯ ಪತ್ರ ಬಂದದ್ದು ಅದಾದ ಆರು ತಿಂಗಳಿಗೆ. ಊಟಿಗೆ ಹೋಗುವ ದಾರಿಯಲ್ಲಿ ನಂಜನಗೂಡಿನ ಬಂಗಲೆಯಲ್ಲಿ ಒಂದು ಹಗಲು ತಂಗುವೆ, ಜಾಕನನ್ನು ತಂದೊಪ್ಪಿಸು ಎಂದಿತ್ತು. ಈ ಬಾರಿ ಸುಳ್ಳಾಗಲಿಲ್ಲ. ದುಭಾಷಿಯಾಗಿ ನನ್ನನ್ನು ಜೊತೆಗೆ ಕರೆದುಕೊಂಡು, ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಮೇಟಿ ಮೋಟಾರು ಹತ್ತಿದ.

ಕಪಿಲೆಯ ಸೋಪಾನದಲ್ಲಿ ಹರಕೆಯವರ ಮುಡಿ ತೆಗೆಯುವ ಕ್ಷೌರಿಕನೊಬ್ಬ ನಮ್ಮನ್ನು ಕರೆದ. "ಬನ್ನಿ ಯಜಮಾನ್ರೇ, ಮುಡಿ ಯಾರ್ದು? ನಿಮ್ದಾ, ನಾಯೀದಾ?"

ಮೇಟಿ ಆಸೆಯಿಂದ ಫೋಟೋ ಬಿಚ್ಚಿ ತೋರಿಸಿದ. "ಇಂಗೆ ಮಾಡಕ್ಕಾಯ್ತದಾ?"

ಕ್ಷೌರಿಕ ಬಹಳ ಹೊತ್ತು ನೋಡಿ ಹಿಂತಿರುಗಿಸಿದ. "ಇಲ್ಲಿ ಪೂರ್ತಿ ಬೋಳಿಸೋದೊಂದೇ ಕಣಪ್ಪ ನಮಗೆ ಬರೋದು. ಅರ್ಧಂಬರ್ಧ ಹರಕೆ ದೇವ್ರೂ ಒಪ್ಪಲ್ಲ."

ಹಾಗೆಯೇ ಬಂಗಲೆಗೆ ಹೋದೆವು. ದೊರೆ ವರಾಂಡದಲ್ಲಿ ನಿಂತಿದ್ದ. ಕೈಯಲ್ಲಿ ಹೊಸದೊಂದು ಬಾಚಣಿಗೆ. "ಜಾಕ್!" ಎಂದು ಕರೆದ. ನಾಯಿ ಅವನ ಬೂಟನ್ನು ಮೂಸಿ, ಯಾರಿಗಾದರೂ ಅಲ್ಲಾಡಿಸುವಷ್ಟೇ ಬಾಲವಾಡಿಸಿ, ಮರಳಿ ಮೇಟಿಯ ಕಾಲಬಳಿ ಕುಳಿತಿತು. ದೊರೆ ಬಗ್ಗಿ ಆ ಜಡೆಗಟ್ಟಿದ ಮೈಯನ್ನು ನೋಡಿದ. ಅವನ ಮುಖ ಬಾಡಿತು.

ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: "ಇದು ಜಾಕ್ ಅಲ್ಲ. ಜಾಕ್ ಸತ್ತಿರಬೇಕು, ಪಾಪ, ಹೇಳಲು ಹೆದರಿ ಇನ್ನೊಂದನ್ನು ತಂದಿದ್ದಾನೆ. ನನಗೆ ಕೋಪವಿಲ್ಲವೆಂದು ಹೇಳಿ."

ನಾನು ಕನ್ನಡದಲ್ಲಿ ಹೇಳಿದೆ. ಮೂವತ್ತು ವರ್ಷ ಬಂಗಲೆ ಕಾದು ಒಂದು ಚಮಚವನ್ನೂ ಕಳೆಯದ ಮನುಷ್ಯ ಅವನು, ಮುಖ ಕೆಂಪಾಯಿತು. ಒಮ್ಮೆಲೆ ಬಗ್ಗಿ ನಾಯಿಯ ಎಡಗಿವಿಗೆ ಕೈ ಹಾಕಿದ. ಕೂದಲೆತ್ತಿ ಆ ಸೀಳು ತೋರಿಸಿದರೆ ಮುಗಿಯಿತು. ಅವನ ಮಾತು ಉಳಿಯುತ್ತಿತ್ತು.

ಕೈ ಅಲ್ಲಿಯೇ ನಿಂತಿತು. ಆಮೇಲೆ ಅವನು ಕಿವಿಯ ಮೇಲಿನ ಕೂದಲನ್ನು ಇನ್ನಷ್ಟು ಕೆಳಕ್ಕೆ ನೀವಿ ಸೀಳನ್ನು ಮುಚ್ಚಿದ.

"ಏನು ಹೇಳುತ್ತಾನೆ?" ಎಂದು ದೊರೆ ಕೇಳಿದ.

"ಏನೂ ಹೇಳುತ್ತಿಲ್ಲ" ಎಂದೆ. ನನ್ನ ಅನುವಾದಗಳಲ್ಲೆಲ್ಲ ತಪ್ಪಿಲ್ಲದ್ದು ಅದೊಂದೇ.

ದೊರೆ ಆ ಬಾಚಣಿಗೆಯನ್ನು ಮೇಟಿಯ ಕೈಯಲ್ಲಿಟ್ಟು, ಅವನ ಭುಜ ತಟ್ಟಿ ಒಳಗೆ ಹೋದ.

ಮೇಟಿ ನಾಯಿಯನ್ನೆತ್ತಿಕೊಂಡು ನದಿಯವರೆಗೆ ನಡೆದ. ಅಲ್ಲಿ ನಿಂತು ಹೇಳಿದ: "ಎರಡು ವರ್ಸ ಅರಿಶ್ಣ ಅಚ್ಚಿದ್ಲು ಮೇಷ್ಟ್ರೇ, ಗುರ್ತು ಸಿಗಬಾರ್ದು ಅಂತ. ನಂಗೇನು ಗೊತ್ತಿರ್ನಿಲ್ವಾ? ಇವತ್ತು ಗೆದ್ಲು ನೋಡಿ. ಇದ್ದಿದ್ರೆ ನನ್ನ ಎಷ್ಟು ಆಡ್ಕೊಂಡು ನಗ್ತಿದ್ಲೋ."

ಕ್ಷೌರಿಕ ಮತ್ತೆ ಕರೆದ: "ಏನಾಯ್ತು ಯಜಮಾನ್ರೇ, ನಾಯಿಗೆ ಬೋಳಿಸಲಾ?"

"ಅದರ ಕೂದ್ಲಿಗೆ ಕೈ ಆಕಬ್ಯಾಡ. ಇದು ಉಳೀಲಿ ಅನ್ನೋ ಹರಕೆ ನಮ್ಮೋಳದು, ತೀರ್ಸೋನು ನಾನು" ಎಂದು ಮೇಟಿ ತಾನೇ ಅವನ ಮುಂದೆ ಕುಳಿತ. ತಲೆಯೂ ಬೋಳಾಯಿತು, ಬಿಳಿಯ ಗಿರಿಜಾಮೀಸೆಯೂ ಹೋಯಿತು. ನದಿಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ನುಣ್ಣಗೆ ಹೊಳೆಯುತ್ತಾ ಮೆಟ್ಟಿಲೇರಿ ಬಂದ.

ನನ್ನ ಬಳಿ ಕುಳಿತಿದ್ದ ನಾಯಿ ಧಿಗ್ಗನೆ ಎದ್ದು, ಕೂದಲಿನ ಸಂದಿಯಿಂದ ಅವನನ್ನು ದಿಟ್ಟಿಸಿ, ಸೋಪಾನವೆಲ್ಲ ಮೊಳಗುವಂತೆ ಬೊಗಳತೊಡಗಿತು. ಹರಕೆಯವರೆಲ್ಲ ತಿರುಗಿ ನೋಡಿದರು.

ಮೇಟಿ ಕಣ್ಣಿನಲ್ಲಿ ನೀರು ಸುರಿಯುವಂತೆ ನಗುತ್ತಾ, ಕುಕ್ಕರುಗಾಲಿನಲ್ಲಿ ಕುಳಿತು ಬೂದಿಯಿಲ್ಲದ ಬೆರಳುಗಳನ್ನು ಅದರ ಮೂತಿಗೆ ಚಾಚಿದ.

"ಲೋ ಮೊಗಾ, ನೀನೂ ದೊರೆ ಆಗ್ಬುಟ್ಟೇನ್ಲಾ?"