ಅತ್ತೆಯ ಕೋಣೆಯ ರೇಡಿಯೇಟರ್

ಪುರುಷೋತ್ತಮನ ಮನೆಯಲ್ಲಿ ಋತುಗಳು ಕೋಣೆಗೊಂದರಂತೆ ಹಂಚಿಹೋಗಿದ್ದವು. ಹಾಲಿನಲ್ಲಿ ಬಳ್ಳಾರಿಯ ಬೇಸಿಗೆ, ಮಲಗುವ ಕೋಣೆಯಲ್ಲಿ ಮೈಸೂರಿನ ನವೆಂಬರ್, ಕೊನೆಯಲ್ಲಿದ್ದ ಅತಿಥಿಗಳ ಕೋಣೆಯಲ್ಲಿ ಸಾಕ್ಷಾತ್ ಹಿಮಾಲಯ. ಅಲ್ಲಿಂದ ಒಂದು ಟವೆಲ್ ತರಬೇಕಾದರೂ ಅವನ ಹೆಂಡತಿ ವಿಜೇತಾ ಜಾಕೆಟ್ ಹಾಕಿಕೊಂಡೇ ಹೋಗುತ್ತಿದ್ದಳು. (ಜಾಕೆಟ್ ಕೂಡ ಅದೇ ಕೋಣೆಯಲ್ಲಿದ್ದರೆ ಗಂಡನನ್ನು ಕಳಿಸುತ್ತಿದ್ದಳು.)

ಸಿಡ್ನಿಯಿಂದ ಮೆಲ್ಬರ್ನಿಗೆ ಬಂದು ಕ್ರೇಗಿಬರ್ನ್‌ನಲ್ಲಿ ಈ ಮನೆ ಕೊಂಡಾಗ ಪುರುಷೋತ್ತಮ ಮನಸೋತದ್ದೇ ಗೋಡೆಗಂಟಿದ ಈ ರೇಡಿಯೇಟರುಗಳಿಗೆ. ಹೊರಗಿನ ಬಾಯ್ಲರಿನಲ್ಲಿ ನೀರು ಕಾಯುತ್ತದೆ, ಪೈಪುಗಳಲ್ಲಿ ಹರಿದು ಒಂದೊಂದೇ ಕೋಣೆಯನ್ನು ಬೆಚ್ಚಗೆ ಮಾಡಿ ಹಿಂತಿರುಗುತ್ತದೆ, ಸದ್ದಿಲ್ಲ, ಧೂಳಿಲ್ಲ ಎಂದು ಏಜೆಂಟ್ ವರ್ಣಿಸಿದ್ದನ್ನು ಅವನು ಕಂಡಕಂಡವರಿಗೆಲ್ಲ ವರ್ಣಿಸಿದ್ದ. ಹಿಂತಿರುಗುವ ಮೊದಲು ಕೊನೆಯ ಕೋಣೆಗೂ ಹೋಗಬೇಕೆಂಬುದನ್ನು ನೀರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಇಷ್ಟು ದಿನ ಇದೆಲ್ಲ ನಡೆದುಹೋಗುತ್ತಿತ್ತು. ಈಗ ವಿಜೇತಾಳ ತಾಯಿ ಅಹಲ್ಯಮ್ಮ ಉಡುಪಿಯಿಂದ ಬರುವವರಿದ್ದರು. ಹಿಂದೆ ಎರಡು ಸಲ ಆಸ್ಟ್ರೇಲಿಯಾಕ್ಕೆ ಬಂದಾಗಲೂ ಅವರು ಉಳಿದದ್ದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ಮಗ ಗುರುದತ್ತನ ಮನೆಯಲ್ಲಿ. ಈ ಸಲ ತಾವಾಗಿಯೇ ಫೋನ್ ಮಾಡಿ, ಚಳಿಗಾಲಕ್ಕೆ ನಿನ್ನ ಮನೆಗೇ ಬರುತ್ತೇನೆ ಎಂದಿದ್ದರು. ಫೋನಿಟ್ಟ ಮೇಲೆ ವಿಜೇತಾ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. (ಆಗ ಈರುಳ್ಳಿ ಹೆಚ್ಚುತ್ತಿರಲಿಲ್ಲ.) ಆದರೆ ಗುರುದತ್ತ ಸುಮ್ಮನಿರುವ ಪೈಕಿಯಲ್ಲ. ಅಮ್ಮನಿಗೆ ಅಲ್ಲಿನ ಚಳಿ ತಡೆಯದಿದ್ದರೆ ಒಂದು ಮಾತು ಹೇಳು, ಮರುದಿನಕ್ಕೇ ಸಿಡ್ನಿಗೆ ಟಿಕೆಟ್ ಬುಕ್ ಮಾಡುತ್ತೇನೆ ಎಂದು ಮುಂಚಿತವಾಗಿಯೇ ತಿಳಿಸಿದ್ದ.

"ಜೀವಮಾನವಿಡೀ ಉಡುಪಿಯಲ್ಲಿ ಇದ್ದವರು, ಆ ಕೋಣೆಯಲ್ಲಿ ಒಂದು ದಿನ ನಿಲ್ಲುದಿಲ್ಲ," ಎಂದಳು ವಿಜೇತಾ. "ಅಮ್ಮ ನನ್ನ ಹತ್ರ ಇರ್ಬೇಕು. ನೀವು ಎಂತ ಬೇಕಾದ್ರೂ ಮಾಡಿ."

ಪುರುಷೋತ್ತಮ ಅಲ್ಲೇ ಭೀಷ್ಮಪ್ರತಿಜ್ಞೆ ಮಾಡಿದ. ಪ್ಲಂಬರ್ ಬರಲು ಅತ್ತೆ ಬಂದು ವಾರ ಕಳೆಯಬೇಕಿತ್ತು. ಅದೂ ಅಲ್ಲದೆ ಅವನು ವೀಡಿಯೊ ನೋಡಿದ್ದ.

ರೇಡಿಯೇಟರಿನ ತಲೆ ತಣ್ಣಗೆ, ಕಾಲು ಬಿಸಿ ಎಂದರೆ ಒಳಗೆ ಗಾಳಿ ಸೇರಿಕೊಂಡಿದೆ, ಮೇಲಿನ ಸ್ಕ್ರೂ ಸಡಿಲಿಸಿ ಅದನ್ನು ಹೊರಬಿಡಬೇಕು ಎಂದಿತು ವೀಡಿಯೊ. ಮೊದಲು ಬಾಯ್ಲರ್ ನಿಲ್ಲಿಸಿ ಎಂದೂ ಹೇಳಿತ್ತು. ಆ ಭಾಗ ಬರುವಷ್ಟರಲ್ಲಿ ನಮ್ಮ ಭೀಷ್ಮರು ಸ್ಕ್ರೂಡ್ರೈವರ್ ಹುಡುಕಲು ಎದ್ದುಹೋಗಿದ್ದರು. ಸ್ಕ್ರೂ ತಿರುಗಿಸಿದಾಗ ಗಾಳಿ ಬುಸ್ಸೆಂದಿತು. ಆ ಸದ್ದಿನ ಮಾಧುರ್ಯಕ್ಕೆ ಕಿವಿ ಹತ್ತಿರ ಒಯ್ದ. ಗಾಳಿಯ ಹಿಂದೆಯೇ ಕಾದಿದ್ದ ಕಪ್ಪು ನೀರು ಅವನ ಮುಖ, ಅಂಗಿ ಮತ್ತು ಅಮ್ಮನಿಗೆಂದು ವಿಜೇತಾ ಹಾಸಿದ್ದ ಹೊಸ ಬೆಡ್‌ಶೀಟಿನ ಮೇಲೆ ಸಮನಾಗಿ ಹಂಚಿಹೋಯಿತು. ಆ ಮನೆಯಲ್ಲಿ ಸಮನಾಗಿ ಹಂಚಿಹೋದದ್ದು ಅದೊಂದೇ.

"ಹಬ್ಬ ಇಲ್ಲದೆ ಅಭ್ಯಂಜನ ಎಂತಕ್ಕೆ?" ಎಂದು ಕೇಳಿ ವಿಜೇತಾ ಬೆಡ್‌ಶೀಟ್ ಎಳೆದುಕೊಂಡು ಹೋದಳು.

ಗಾಳಿ ಹೋಯಿತು, ಚಳಿ ಹೋಗಲಿಲ್ಲ. ಆಗ ಪುರುಷೋತ್ತಮನಿಗೆ ಊಟದ ಪಂಕ್ತಿ ನೆನಪಾಯಿತು. ಮೊದಲು ಕುಳಿತವರ ಎಲೆಗೆ ಪಾಯಸ ಸುರಿಯುತ್ತಾ ಬಂದರೆ ಕೊನೆಯ ಎಲೆಗೆ ಬರುವಾಗ ಸೌಟು ಪಾತ್ರೆಯ ತಳ ಕೆರೆಯುತ್ತದೆ. ಇಲ್ಲಿಯೂ ಅದೇ. ಬಾಯ್ಲರಿಗೆ ಹತ್ತಿರದ ಕೋಣೆಗಳು ಬಿಸಿನೀರನ್ನೆಲ್ಲ ಹೊಡೆಯುತ್ತಿವೆ. ಅವುಗಳ ಕೆಳಗಿನ ವಾಲ್ವ್ ಸ್ವಲ್ಪ ಸ್ವಲ್ಪ ಬಿಗಿಮಾಡಿದರೆ ಕೊನೆಯ ಎಲೆಗೂ ಪಾಯಸ ತಲುಪುತ್ತದೆ. ಸ್ಪ್ಯಾನರ್ ಹಿಡಿದು ಶನಿವಾರವಿಡೀ ನೆಲದ ಮೇಲೆ ತೆವಳಿದ. ಹಾಲಿನದನ್ನು ಬಿಗಿಮಾಡಿದ, ಮಲಗುವ ಕೋಣೆಯದನ್ನು ಬಿಗಿಮಾಡಿದ. ಬಾಯ್ಲರಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅವನದೇ ಆಫೀಸ್ ಕೋಣೆ. ಕಿಟಕಿಯಾಚೆ ನೀಲಗಿರಿ ಮರ, ತಿರುಗುವ ಕುರ್ಚಿ, ಹೆಂಡತಿಯೂ ಬಾಗಿಲು ತಟ್ಟಿ ಒಳಬರುವ ಏಕೈಕ ಸಾಮ್ರಾಜ್ಯ. ಅತ್ತೆಗಾಗಿ ಅದರ ವಾಲ್ವನ್ನು ಮುಕ್ಕಾಲು ಮುಚ್ಚಿ, ಸೋಮವಾರ ಮಂಕಿಕ್ಯಾಪ್ ಹಾಕಿಕೊಂಡು ಕೆಲಸಕ್ಕೆ ಕುಳಿತ. ಸಿಡ್ನಿಯ ಚಾಟ್ಸ್‌ವುಡ್ ಆಫೀಸಿನ ಸಹೋದ್ಯೋಗಿಯೊಬ್ಬ ವೀಡಿಯೊ ಕಾಲಿನಲ್ಲಿ, ನೀನು ಮನೆಯ ಹೊರಗೆ ಕೂತಿದ್ದೀಯಾ ಎಂದು ವಿಚಾರಿಸಿದ.

ಆದರೆ ಅತಿಥಿಗಳ ಕೋಣೆ ಬೆಚ್ಚಗಾಯಿತು. ರೇಡಿಯೇಟರ್ ತಲೆಯಿಂದ ಕಾಲಿನವರೆಗೆ ಒಂದೇ ಹದದಲ್ಲಿ ಬಿಸಿಯಾಗಿತ್ತು. ವಿಜೇತಾ ಅದರ ಮೇಲೆ ಅಂಗೈಯಿಟ್ಟು, ನೀವು ಇದನ್ನು ಮಾಡ್ತೀರಿ ಅಂತ ನನಗೆ ನಂಬಿಕೆಯೇ ಇರಲಿಲ್ಲ ಎಂದಳು. ಮದುವೆಯಾದ ಮೇಲೆ ಸಿಕ್ಕಿದ ಅತ್ಯುತ್ತಮ ಪ್ರಶಸ್ತಿಪತ್ರ ಅದು. ಪುರುಷೋತ್ತಮನಿಗೆ ನಿಜಕ್ಕೂ ಎದೆ ತುಂಬಿಬಂತು.

ಅಹಲ್ಯಮ್ಮ ಮುಂದಿನ ಭಾನುವಾರ ಬಂದಿಳಿದರು. ಪುರುಷೋತ್ತಮ ಉದ್ಘಾಟನೆಗೆ ಬಂದ ಮಂತ್ರಿಯ ಗತ್ತಿನಲ್ಲಿ ಕೋಣೆಯ ಬಾಗಿಲು ತೆರೆದ. ಅತ್ತೆ ಒಳಗೆ ಹೋಗಿ ನಿಂತರು. ಸುತ್ತಲೂ ನೋಡಿದರು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಛಾವಣಿಯ ಕಡೆ ಮುಖವೆತ್ತಿದರು.

"ಇಲ್ಲಿ ಫ್ಯಾನ್ ಇಲ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಆ ಒಂದು ಕೋಣೆ ಎಂತ ಮಾಡಿದ್ರೂ ಬಿಸಿ ಆಗುದಿಲ್ಲ ಅಂತ ನೀನೇ ಅಲ್ವಾ ಫೋನಿನಲ್ಲಿ ಹೇಳಿದ್ದು?" ಅತ್ತೆ ಮಗಳನ್ನು ಕೇಳಿದರು. "ಅದನ್ನು ಕೇಳಿಯೇ ಬಂದದ್ದು ನಾನು. ಊರಿನ ಸೆಕೆಯಲ್ಲಿ ಬೆಂದು ಸಾಕಾಗಿದೆ. ಗುರುವಿನ ಮನೆಗೆ ಹೋದ್ರೆ ಅವನೂ ಅಮ್ಮನಿಗೆ ಚಳಿ, ಅಮ್ಮನಿಗೆ ಚಳಿ ಅಂತ ಹೀಟರ್ ಹಾಕಿ ಬೇಯಿಸ್ತಾನೆ. ಪಾಪ, ಬೇಜಾರ್ ಮಾಡಿಕೊಳ್ತಾನೆ ಅಂತ ನಾನು ಹೇಳ್ಲಿಲ್ಲ."

ವಿಜೇತಾಳ ಮುಖ ಸಣ್ಣದಾಯಿತು. ಈಗಲೇ ಆಫ್ ಮಾಡುತ್ತೇನೆ, ನಾಳೆಗೆ ಹಿಮಾಲಯ ಮಾಡಿಕೊಡುತ್ತೇನೆ ಎಂದು ಪುರುಷೋತ್ತಮ ಸ್ಪ್ಯಾನರ್ ತರಲು ಓಡಿದ. ಹಿಂತಿರುಗುವಷ್ಟರಲ್ಲಿ ಕೋಣೆ ಖಾಲಿ. ಅಹಲ್ಯಮ್ಮ ಮನೆಯಲ್ಲಿ ತಂಪು ಹುಡುಕುತ್ತಾ ನಡೆದು, ಅವನ ಸಾಮ್ರಾಜ್ಯದ ಬಾಗಿಲು ತಟ್ಟದೆ ಒಳಹೊಕ್ಕು, ಕಿಟಕಿ ತೆರೆದು, ತಿರುಗುವ ಕುರ್ಚಿಯಲ್ಲಿ ಕಾಲು ಚಾಚಿದ್ದರು.

"ಇದು ಒಳ್ಳೆದುಂಟು. ನನಗೆ ಇಲ್ಲೇ ಹಾಸಿಗೆ ಹಾಕಿ. ಚಳಿಗಾಲ ಮುಗಿಯುವವರೆಗೆ ನಾನು ಎಲ್ಲಿಗೂ ಹೋಗುದಿಲ್ಲ."

ವಿಜೇತಾ ಅಮ್ಮನ ಹೆಗಲಿಗೆ ಕೆನ್ನೆಯಾನಿಸಿ ನಕ್ಕಳು. ಪುರುಷೋತ್ತಮ ಲ್ಯಾಪ್‌ಟಾಪ್ ಎತ್ತಿಕೊಂಡ. ಟಿಕೆಟ್ ಬೇಡವೆಂದು ಗುರುದತ್ತನಿಗೆ ಸಂದೇಶ ಹೋಯಿತು.

ಹೋಗಲಿ, ಆ ಬೆಚ್ಚನೆಯ ಕೋಣೆಯಾದರೂ ತನಗೆ ಸಿಕ್ಕಿತಲ್ಲ ಎಂದು ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದರೆ, ರೇಡಿಯೇಟರಿನ ಪಕ್ಕದ ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಇಡ್ಲಿ ಹಿಟ್ಟು ಕುಳಿತಿತ್ತು. ಈ ಊರಿನ ಚಳಿಯಲ್ಲಿ ಹಿಟ್ಟು ಹುಳಿ ಬರಲು ಇಂಥ ಕೋಣೆಯೇ ಬೇಕೆಂದು ಅತ್ತೆ ನಿಶ್ಚಯಿಸಿದ್ದರಂತೆ. ಬಾಗಿಲು ತೆರೆದರೆ ಬಿಸಿ ಹೋಗುತ್ತದೆ, ಆದ್ದರಿಂದ ಒಳಗೆ ಯಾರೂ ಕೂರುವ ಹಾಗಿಲ್ಲ.

ಪುರುಷೋತ್ತಮ ಹಾಲಿನಲ್ಲಿ ಕುಳಿತ. ಅವನದೇ ಕೈಚಳಕದಿಂದ ಬಳ್ಳಾರಿ ಈಗ ಊಟಿಯಾಗಿತ್ತು. ಆಫೀಸ್ ಕೋಣೆಯಿಂದ ತಾಯಿಮಗಳ ನಗು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ವಿಜೇತಾ ದಪ್ಪನೆಯ ಉಣ್ಣೆಯ ಶಾಲು ಹಿಡಿದು ಬಂದಳು. ನಡುಗುತ್ತಿದ್ದ ಗಂಡನಿಗೆ ಕಣ್ಣು ತುಂಬಿತು. ಹೊದಿಸಲು ಅನುಕೂಲವಾಗಲೆಂದು ಕುರ್ಚಿಯಲ್ಲಿ ಕೊಂಚ ಮುಂದಕ್ಕೆ ಬಾಗಿದ.

ಅವಳು ಅವನನ್ನು ದಾಟಿ ಹೋಗಿ, ಕೊನೆಯ ಕೋಣೆಯ ಬಾಗಿಲನ್ನು ಮೆಲ್ಲಗೆ ತೆರೆದು, ಶಾಲನ್ನು ಹಿಟ್ಟಿನ ಪಾತ್ರೆಗೆ ಸುತ್ತಿ ಬಂದಳು.